ಕೆಲಸ ಮಾಡಲ್ಲ, ಪ್ಲಾನ್ ಮಾತ್ರ ಕೊಡ್ತೀವಿ ಅನ್ನೋರಿಗೆ ದುಡ್ಡು ಕೊಟ್ವಿ: 5ಕ್ಕೆ 4 ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ಇದು ಕಾಂಟ್ರಾಕ್ಟರ್ ರಿವ್ಯೂ ಅಲ್ಲ. ನಾವು ದುಡ್ಡು ಕೊಟ್ಟಿದ್ದು ಹಳೇ ಮನೆ ರಿಪೇರಿಗೆ ಪ್ಲಾನ್ ಮಾಡಿಕೊಡೋ, ಆದ್ರೆ ಒಂದು ಇಟ್ಟಿಗೆನೂ ಮುಟ್ಟದೇ ಇರೋರಿಗೆ. ಮನೆಗೆ ಬರ್ತಾರೆ, ಅಳೀತಾರೆ, ತಟ್ಟಿ ನೋಡ್ತಾರೆ, ನಿಮ್ಮ ಹತ್ರ ನಿಜವಾಗ್ಲೂ ಎಷ್ಟು ದುಡ್ಡಿದೆ ಅಂತ ಮುಖಕ್ಕೆ ಮುಖ ಕೊಟ್ಟು ಕೇಳ್ತಾರೆ, ಆಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಅಂತ ಬರೆದು, ಐಟಂ ಐಟಂ ಲೆಕ್ಕ ಹಾಕಿ ಒಂದು ಫೈಲ್ ಕೊಟ್ಟು ಹೋಗ್ತಾರೆ. ಅಷ್ಟೇ. ಕೆಲಸ ಯಾರ ಹತ್ರ ಬೇಕಾದ್ರೂ ಮಾಡಿಸ್ಕೊಳ್ಳಿ, ಅವರಿಗೆ ಅದರಲ್ಲಿ ಕಮಿಷನ್ ಇಲ್ಲ.

ಇದನ್ನ ಕೇಳಿದಾಗ ನಮ್ಮನೇಲಿ ಎಲ್ರೂ ನಕ್ಕಿದ್ರು. ಇರೋ ದುಡ್ಡೇ ಸಾಲ್ತಿಲ್ಲ, ಅದರಲ್ಲಿ ಕಾಗದಕ್ಕೆ ಬೇರೆ ಕೊಡ್ಬೇಕಾ ಅಂತ. ನಾನೂ ಹಾಗೇ ಅನ್ಕೊಂಡೋನೇ. ಅವರನ್ನ ಕರೆಸೋ ಹಾಗೆ ಮಾಡಿದ್ದು ಕಾಂಟ್ರಾಕ್ಟರ್‌ಗಳು ಕೊಟ್ಟ ಮೂರು ಕೊಟೇಶನ್.

ನಾನು ಇಲ್ಲಿ ರೇಟ್ ಹೇಳಲ್ಲ, ನನ್ನ ರೇಟ್ ನಿಮಗೆ ಉಪಯೋಗಕ್ಕೆ ಬರಲ್ಲ. ನಮ್ಮ ಬಜೆಟ್ 100 ಅಂತ ಇಟ್ಕೊಳ್ಳಿ, ಎಲ್ಲಾ ಲೆಕ್ಕ ಅದರಲ್ಲೇ ಹೇಳ್ತೀನಿ. ಕೈಯಲ್ಲಿದ್ದಿದ್ದು 100. ಬಂದ ಕೊಟೇಶನ್ 118, 131, 164. ಮೂವರೂ ನೋಡಿದ್ದು ಒಂದೇ ಮನೆ, ಒಂದೇ ಬಾತ್‌ರೂಮು, ಒಂದೇ ಅಡುಗೆಮನೆ. ಮೂರೂ ಒಂದೊಂದು ಪುಟ. 'ಬಾತ್‌ರೂಮ್ ಕಂಪ್ಲೀಟ್ ವರ್ಕ್' ಅಂತ ಒಂದು ಲೈನ್, ಎದುರಿಗೆ ಒಂದು ನಂಬರ್. ಕಂಪ್ಲೀಟ್ ಅಂದ್ರೆ ಏನು ಸ್ವಾಮಿ ಅಂತ ಕೇಳಿದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ, ಎಲ್ಲಾ ಬರುತ್ತೆ ಬಿಡಿ ಸಾರ್, ನೀವ್ಯಾಕೆ ತಲೆ ಕೆಡಿಸ್ಕೊತೀರ. ಇಂಥಾ ಮೂರು ಹಾಳೆ ಮುಂದೆ ಇಟ್ಕೊಂಡು ಒಂದು ವಾರ ರಾತ್ರಿ ಎಲ್ಲಾ ಕೂತ್ವಿ. 118 ಅವನಿಗೇ ಕೊಟ್ಬಿಡೋಣ, ಉಳಿದಿದ್ದು ಸಾಲ ಮಾಡೋಣ ಅನ್ನೋ ತೀರ್ಮಾನಕ್ಕೆ ಬಂದಾಗಿತ್ತು, ಅಷ್ಟರಲ್ಲಿ ಆಫೀಸಲ್ಲಿ ಒಬ್ರು ಇವರ ನಂಬರ್ ಕೊಟ್ರು. ಫೀಸ್ ನಮ್ಮ ಲೆಕ್ಕದಲ್ಲಿ 3. ಅರ್ಧ ಮನಸ್ಸಲ್ಲೇ ಕರೆದಿದ್ದು.

ಬಂದಿದ್ದು ಒಬ್ರು ಮೇಡಂ, ಜೊತೆಗೆ ಬ್ಯಾಗ್ ಹೊತ್ಕೊಂಡು ಒಬ್ಬ ಹುಡುಗ. ನಾವು ಹಾಲ್‌ನಲ್ಲಿ ಕೂರಿಸಿ ಫಾಲ್ಸ್ ಸೀಲಿಂಗ್ ಡಿಸೈನ್ ತೋರಿಸೋಣ ಅಂತ ಫೋನ್ ರೆಡಿ ಇಟ್ಕೊಂಡಿದ್ವಿ, ಮೇಡಂ ಹಾಲ್ ಕಡೆ ತಿರುಗಿನೂ ನೋಡ್ಲಿಲ್ಲ, ಸೀದಾ ಬಾತ್‌ರೂಮಿಗೆ ಹೋದ್ರು. ಜೇಬಿಂದ ಒಂದು ಕಾಯಿನ್ ತೆಗೆದು ಒಂದೊಂದೇ ಟೈಲ್ ತಟ್ಟೋಕೆ ಶುರು. ಟಿಕ್ ಟಿಕ್ ಟಿಕ್ ಅಂತಿದ್ದ ಸೌಂಡ್ ಒಂದು ಕಡೆ ಟೊಕ್ ಅಂತು. ಹುಡುಗ ಅಲ್ಲಿ ಚಾಕ್‌ಪೀಸಲ್ಲಿ ರೌಂಡ್ ಹಾಕ್ದ. ಹೀಗೇ ಮುಕ್ಕಾಲು ಗಂಟೆ. ಮುಗಿಯೋ ಹೊತ್ತಿಗೆ ಷವರ್ ಕೆಳಗಿನ ಮೂಲೆ ಪೂರ್ತಿ ರೌಂಡ್ ರೌಂಡ್, ದದ್ದು ಎದ್ದ ಹಾಗೆ. ಟೈಲ್ ಹಿಂದೆ ಟೊಳ್ಳಾಗಿದೆ, ಅಂಟು ಬಿಟ್ಟಿದೆ, ನೀರು ಒಳಗೆ ಹೋಗ್ತಿರಬಹುದು ಅಂದ್ರು. ಆಮೇಲೆ ನೇರ ಆ ಗೋಡೆ ಹಿಂಭಾಗ, ಅಂದ್ರೆ ನಮ್ಮ ಬೆಡ್‌ರೂಮಿಗೆ ಬಂದು ಬೀರು ಪಕ್ಕಕ್ಕೆ ಸರಿಸಿ ಅಂದ್ರು. ಬೀರು ಹಿಂದೆ ಪೇಂಟ್ ಗುಳ್ಳೆ ಎದ್ದು, ಕೆಳಗೆ ಬಿಳಿ ಉಪ್ಪು ಉದುರಿತ್ತು. ಆ ಗೋಡೆಗೆ ನಾವು ಇಷ್ಟು ವರ್ಷದಲ್ಲಿ ಮೂರು ಸಲ ಪೇಂಟ್ ಹೊಡೆಸಿದೀವಿ, ಪ್ರತಿ ಸಲ ಪೇಂಟ್ ಕಂಪನಿನ ಬೈದಿದೀವಿ. ಪಾಪ ಅವರದ್ದೇನೂ ತಪ್ಪಿರಲಿಲ್ಲ.

ಆದ್ರೂ ಅಲ್ಲಿಗೇ ತೀರ್ಪು ಕೊಡ್ಲಿಲ್ಲ, ಅದು ನನಗೆ ಇಷ್ಟ ಆಯ್ತು. ತೇವ ಎರಡು ತರ ಬರಬಹುದು, ಗೋಡೆ ಒಳಗಿಂದ ಬರೋದು ಒಂದು, ರೂಮಿನ ಗಾಳೀಲಿರೋ ತೇವ ತಣ್ಣಗಿರೋ ಗೋಡೆ ಮೇಲೆ ಕೂರೋದು ಇನ್ನೊಂದು, ಎರಡಕ್ಕೂ ಔಷಧಿ ಬೇರೆ ಅಂತ ಹೇಳಿ, ಒಂದೂವರೆ ಅಡಿ ಪ್ಲಾಸ್ಟಿಕ್ ಶೀಟ್ ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಗಾಳಿ ಆಡದ ಹಾಗೆ ಮುಚ್ಚಿದ್ರು. 24 ಗಂಟೆ ಬಿಟ್ಟು ನೋಡಿ, ಹನಿ ಪ್ಲಾಸ್ಟಿಕ್ಕಿನ ಹೊರಗೆ ಇದ್ರೆ ಗಾಳಿದು, ಒಳಗೆ ಗೋಡೆ ಕಡೆ ಇದ್ರೆ ಗೋಡೆದು. ಮಾರನೇ ದಿನ ನೋಡಿದ್ರೆ ಒಳಗೆ ಮುತ್ತು ಪೋಣಿಸಿದ ಹಾಗೆ ಹನಿ ನಿಂತಿತ್ತು. ಇದಕ್ಕೆ ಏನು ಖರ್ಚು ಹೇಳಿ? ಒಂದು ಕವರ್, ಒಂದು ಟೇಪ್. ಕೊಟೇಶನ್ ಕೊಟ್ಟ ಮೂವರಲ್ಲಿ ಒಬ್ರೂ ಆ ಬೀರು ಸರಿಸಿರಲಿಲ್ಲ.

ಒಟ್ಟು ಮೂರೂವರೆ ಗಂಟೆ ಇದ್ರು. ಅಡುಗೆಮನೆ ಹಾಲ್ ಮಧ್ಯೆ ಇರೋ ಗೋಡೆ ಒಡೆದು ಓಪನ್ ಕಿಚನ್ ಮಾಡ್ಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ಕಾಂಟ್ರಾಕ್ಟರ್‌ಗಳು ಮೂವರೂ ಅದೆಷ್ಟು ಹೊತ್ತಿನ ಕೆಲಸ ಸಾರ್ ಅಂದಿದ್ರು. ಮೇಡಂ ಗೋಡೆ ತಟ್ಟಿ, ಮೇಲೆ ಹೋಗಿ ಟೆರೇಸ್ ನೋಡ್ಕೊಂಡು ಬಂದು, ಇದು ಭಾರ ಹೊರೋ ಗೋಡೆ ಇರೋ ಸಾಧ್ಯತೆ ಇದೆ, ಬರೀ ದಪ್ಪ ನೋಡಿ ಹೇಳೋಕಾಗಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಒಬ್ರು ನೋಡಿ ಬರೆದುಕೊಡೋವರೆಗೂ ನಾನು ಈ ಗೋಡೆನ ಪ್ಲಾನಲ್ಲಿ ಮುಟ್ಟಲ್ಲ ಅಂದ್ರು. ಇಂಜಿನಿಯರ್ ಫೀಸು, ಬೀಮ್ ಹಾಕೋದು, ಸಪೋರ್ಟ್ ಕೊಡೋದು ಎಲ್ಲಾ ಸೇರಿ ನಿಮ್ಮ 100ರಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತೆ ಅಂತಾನೂ ಹೇಳಿದ್ರು. ನನಗೆ ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಎರಡು ದಿನ ಮುಖ ದಪ್ಪ ಮಾಡ್ಕೊಂಡೇ ಓಡಾಡಿದೆ. ಆಮೇಲೆ ಸುಮ್ನಾದೆ.

ಈಗ ಅವರು ಕೊಟ್ಟ ಫೈಲ್ ಬಗ್ಗೆ. ಇದೇ ಆ ಸರ್ವೀಸಿನ ತಿರುಳು. ಮೊದಲ ಭಾಗದಲ್ಲಿ ಕೆಲಸಗಳನ್ನ ಮೂರು ಗುಂಪು ಮಾಡಿದ್ರು: ಈಗ ಮಾಡದೇ ಇದ್ರೆ ದಿನ ಕಳೆದಷ್ಟೂ ಹಾಳಾಗ್ತಾ ಹೋಗೋದು, ಹಾಗೇ ಇದ್ರೂ ನಡೆಯೋದು, ಬರೀ ಕಣ್ಣಿಗೆ ಮಾತ್ರ ಇರೋದು. ಬಾತ್‌ರೂಮ್ ನೀರು, ಹಳೇ ವೈರಿಂಗು, ಟೆರೇಸ್ ಬಿರುಕು ಮೊದಲ ಗುಂಪು. ಅಡುಗೆಮನೆ ಕಟ್ಟೆ ಎರಡನೇದು. ಫಾಲ್ಸ್ ಸೀಲಿಂಗು, ಹಾಲ್ ಫ್ಲೋರಿಂಗು, ಟಿವಿ ಹಿಂದಿನ ಪ್ಯಾನೆಲ್ಲು ಮೂರನೇದು. ನಾವು ಫೋನಲ್ಲಿ ಸೇವ್ ಮಾಡ್ಕೊಂಡಿದ್ದ ಫೋಟೋ ಎಲ್ಲಾ ಮೂರನೇ ಗುಂಪಲ್ಲೇ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಪಕ್ಕಾ ಅದೇ ಕೇಸು ನಮ್ಮದು. ಗೋಡೆ ಒಳಗೆ ನೀರು ಹರೀತಿದೆ, ನಾವು ಸೀಲಿಂಗಲ್ಲಿ ಲೈಟ್ ಯಾವ ಕಲರ್ ಅಂತ ಜಗಳ ಆಡ್ತಿದ್ವಿ.

ಎರಡನೇ ಭಾಗ ಅಳತೆ ಪಟ್ಟಿ, ಅಂದ್ರೆ ಯಾವ ಐಟಂ ಎಷ್ಟು ಪ್ರಮಾಣ, ಅದರಲ್ಲಿ ಏನೇನು ಸೇರಿದೆ ಅಂತ ಬಿಡಿಸಿ ಬರೆದಿರೋದು. ರೇಟ್ ಕಾಲಂ ಖಾಲಿ. ಅದನ್ನ ಅದೇ ಮೂವರಿಗೂ ಕೊಟ್ಟು ತುಂಬಿಸಿ ಕೊಡಿ ಅನ್ನಿ ಅಂದ್ರು. ಇಲ್ಲೇ ನೋಡಿ ಮಜಾ. 118 ಹೇಳಿದ್ದೋನು ತುಂಬಿ ಕೊಟ್ಟಾಗ 149 ಆಯ್ತು. ಯಾಕೆ ಅಂದ್ರೆ ಹಳೇ ಟೈಲ್ಸ್ ಒಡೆಯೋದು ಅವನ ಲೆಕ್ಕದಲ್ಲಿ ಇರಲಿಲ್ಲ, ಒಡೆದಿದ್ದನ್ನ ಹೊತ್ತು ಹೊರಗೆ ಹಾಕೋದು ಇರಲಿಲ್ಲ, ವೈರ್‌ಗೆ ಗೋಡೆ ಕೊರೆದ ಮೇಲೆ ಮುಚ್ಚೋದು ಇರಲಿಲ್ಲ, ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ ಪಟ್ಟಿ) ಇರಲಿಲ್ಲ, ಪೇಂಟ್ ಅಂದ್ರೆ ಬರೀ ಪೇಂಟು, ಪುಟ್ಟಿ ಪ್ರೈಮರ್ ಎಕ್ಸ್‌ಟ್ರಾ. 131 ಅವರದ್ದು 137ಕ್ಕೆ ನಿಂತ್ಕೊಂತು, ಅಂದ್ರೆ ಮೊದಲೇ ಹೆಚ್ಚುಕಮ್ಮಿ ಎಲ್ಲಾ ಸೇರಿಸಿಯೇ ಹೇಳಿದ್ರು, ನಾವೇ ಜಾಸ್ತಿ ಹೇಳಿದಾರೆ ಅಂತ ಬಿಟ್ಟಿದ್ವಿ. 164 ಅವರು ತುಂಬಿ ಕೊಡೋಕೇ ಒಪ್ಪಲಿಲ್ಲ, ನಮ್ಮದು ಪ್ಯಾಕೇಜ್, ಹೀಗೆ ಬಿಡಿಸಿ ಕೊಡಲ್ಲ ಅಂದ್ರು. ಕಮ್ಮಿ ಕೊಟೇಶನ್ ಅಂದ್ರೆ ಬಹಳ ಸಲ ಕಮ್ಮಿ ಐಟಂ ಇರೋ ಕೊಟೇಶನ್ ಅಷ್ಟೇ, ಇದು ನನಗೆ ಮೊದಲೇ ಗೊತ್ತಿದ್ದಿದ್ರೆ ಆ ಒಂದು ವಾರದ ನಿದ್ದೆ ಉಳೀತಿತ್ತು.

ಸರಿ, 137 ಅಂದ್ರೂ ನಮ್ಮ ಹತ್ರ ಇರೋದು 100. ಅದರಲ್ಲೂ ಮೇಡಂ 15ನ್ನ ಮೊದಲೇ ಎತ್ತಿಟ್ಟುಬಿಟ್ರು, ಇದನ್ನ ಇಲ್ಲ ಅಂತಲೇ ತಿಳ್ಕೊಳ್ಳಿ, ಹಳೇ ಮನೆ ಒಡೆದಾಗ ಒಳಗೆ ಏನು ಬರುತ್ತೋ ದೇವರಿಗೇ ಗೊತ್ತು. ಅವರ ಫೀಸ್ 3. ಉಳಿದಿದ್ದು 82. ಅಂದ್ರೆ 137ನ್ನ 82ರೊಳಗೆ ತರ್ಬೇಕು. ಇಲ್ಲಿ ಅವರು ಮಾಡಿದ ಕೆಲಸಕ್ಕೆ ನಾನು ದುಡ್ಡು ಕೊಟ್ಟಿದ್ದು ಸಾರ್ಥಕ ಅಂತೀನಿ, ಯಾಕಂದ್ರೆ ಕ್ವಾಲಿಟಿ ಇಳಿಸಲಿಲ್ಲ, ಜಾಗ ಇಳಿಸಿದ್ರು.

ಬಾತ್‌ರೂಮ್ ಟೈಲ್ಸ್ ಲೆಕ್ಕನೇ ತಗೊಳ್ಳಿ. ನಮ್ಮದು 8 ಅಡಿ 5 ಅಡಿ. ಸುತ್ತಳತೆ 26 ಅಡಿ. ಗೋಡೆಗೆ 7 ಅಡಿವರೆಗೂ ಟೈಲ್ ಅಂದ್ರೆ 182 ಚದರಡಿ, ಎರಡೂವರೆ ಅಡಿ ಬಾಗಿಲು ಕಳೆದ್ರೆ ಸುಮಾರು 165, ನೆಲ 40, ಒಟ್ಟು 205, ಕಟಿಂಗ್ ವೇಸ್ಟೇಜ್ 10 ಪರ್ಸೆಂಟ್ ಸೇರಿಸಿ 225. ಕಾಂಟ್ರಾಕ್ಟರ್ ಒಬ್ಬ ಬಾಯಲ್ಲಿ ಹೇಳಿದ್ದು 290! ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರು ನೇರವಾಗಿ ಬೀಳೋದು ಷವರ್ ಇರೋ ತುದಿಗೆ ಮಾತ್ರ, ಆ 5 ಅಡಿ ಗೋಡೆ ಮತ್ತೆ ಎರಡೂ ಪಕ್ಕ 3 3 ಅಡಿಗೆ 7 ಅಡಿ ಎತ್ತರ ಹಾಕಿ, ಉಳಿದ ಕಡೆ 4 ಅಡಿ ಸಾಕು, ಮೇಲಕ್ಕೆ ಬಾತ್‌ರೂಮಿಗೆ ಅಂತಲೇ ಬರೋ ಪೇಂಟ್ ಹೊಡೆಸಿ ಅಂದ್ರು. ಅದು ಲೆಕ್ಕ ಹಾಕಿದ್ರೆ ವೇಸ್ಟೇಜ್ ಸೇರಿ 184. ಟೈಲ್ ಸೈಜು 2 ಅಡಿ 1 ಅಡಿದು, ಅಡ್ಡ ಹಾಕಿದ್ರೆ 7 ಅಡಿಗೆ 7 ಸಾಲು, 4 ಅಡಿಗೆ 4 ಸಾಲು, ಎತ್ತರದಲ್ಲಿ ಕಟಿಂಗೇ ಬರಲ್ಲ. ಓರೆಯಾಗಿ ಡೈಮಂಡ್ ತರ ಹಾಕಿಸ್ಬೇಕು ಅಂತ ನಮ್ಮ ಹೆಂಡ್ತಿಗೆ ಇತ್ತು, ಹಾಗೆ ಹಾಕಿದ್ರೆ ವೇಸ್ಟೇಜ್ 15 ಪರ್ಸೆಂಟ್ ಹಿಡೀಬೇಕು, ಕೂಲಿನೂ ಜಾಸ್ತಿ ಕೇಳ್ತಾರೆ ಅಂದಿದ್ದಕ್ಕೆ ಅವಳೇ ಬೇಡ ಅಂದ್ಳು. ಇನ್ನೊಂದು ಮಾತು ಹೇಳಿದ್ರು, ಟೈಲ್ ಬಾಕ್ಸ್ ಮೇಲೆ ಬ್ಯಾಚ್ ನಂಬರ್ ಶೇಡ್ ನಂಬರ್ ಇರುತ್ತೆ, ಎಲ್ಲಾ ಬಾಕ್ಸೂ ಒಂದೇ ಇರ್ಬೇಕು, ಒಂದು ಬಾಕ್ಸ್ ಜಾಸ್ತಿ ತಗೊಂಡು ಎತ್ತಿಡಿ, ನಾಳೆ ಒಂದು ಟೈಲ್ ಒಡೆದ್ರೆ ಅದೇ ಬಣ್ಣ ಸಿಗಲ್ಲ. ನಮಗೆ ಬಂದ ಲೋಡಲ್ಲಿ ಎರಡು ಬಾಕ್ಸ್ ಶೇಡ್ ಬೇರೆ ಇತ್ತು, ನೋಡಿ ವಾಪಸ್ ಕಳಿಸಿದ್ವಿ.

ಟೈಲ್ಸಲ್ಲಿ ಉಳಿಸಿದ್ದನ್ನ ಹಾಕಿಸಿದ್ದು ಕೆಳಗಿನ ವಾಟರ್‌ಪ್ರೂಫಿಂಗಿಗೆ. ನಾನು ಅಲ್ಲಿವರೆಗೂ ಟೈಲೇ ನೀರು ತಡೆಯೋದು ಅನ್ಕೊಂಡಿದ್ದೆ. ಟೈಲ್ ತಡೆಯುತ್ತೆ ಸರಿ, ಟೈಲ್ ಮಧ್ಯೆ ಸಂದಿಗೆ ತುಂಬೋ ಸಿಮೆಂಟ್ ಗ್ರೌಟ್ ನೀರು ಕುಡಿಯುತ್ತೆ, ನಿಜವಾಗಿ ನೀರು ನಿಲ್ಲಿಸೋದು ಟೈಲ್ ಕೆಳಗೆ ಬಳಿಯೋ ಆ ಪದರ. ಅದು ನೆಲದಿಂದ ಗೋಡೆಗೂ ಹತ್ತಬೇಕು, ಕಮ್ಮಿ ಅಂದ್ರೂ 6 ಇಂಚು, ಷವರ್ ಕಡೆ ತಲೆ ಮೇಲಿನವರೆಗೂ. ನೆಲದ ಇಳಿಜಾರು ಷವರ್ ಜಾಗದಲ್ಲಿ ಒಂದು ಅಡಿಗೆ ಕಾಲು ಇಂಚು. ಮೂಲೆ ಸಂದಿಗೆ ಗ್ರೌಟ್ ಬೇಡ, ಸಿಲಿಕೋನ್, ಯಾಕಂದ್ರೆ ಗೋಡೆ ನೆಲ ಸೇರೋ ಕಡೆ ಸ್ವಲ್ಪ ಅಲುಗಾಟ ಇದ್ದೇ ಇರುತ್ತೆ, ಗ್ರೌಟ್ ಬಿರುಕು ಬಿಡುತ್ತೆ. ಇದೆಲ್ಲಾ ಫೈಲಲ್ಲಿ ಒಂದೊಂದು ಲೈನ್ ಆಗಿ ಬರೆದಿತ್ತು, ನಾನು ಅದನ್ನ ಪ್ರಿಂಟ್ ತೆಗೆಸಿ ಮೇಸ್ತ್ರಿ ಕೈಗೆ ಕೊಟ್ಟೆ. ಮೇಸ್ತ್ರಿ ಒಂದು ಸಲ ನನ್ನ ಕಡೆ ನೋಡಿದ, ಏನ್ ಸಾರ್ ಎಕ್ಸಾಂ ಬರೀಬೇಕಾ ಅಂದ. ಆದ್ರೆ ಮಾಡಿದ.

ಪದರ ಒಣಗಿದ ಮೇಲೆ, ಟೈಲ್ ಹಾಕೋಕೆ ಮುಂಚೆ ನೀರು ನಿಲ್ಲಿಸಿ ಟೆಸ್ಟ್ ಮಾಡಿಸಿ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಡ್ರೈನ್ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಬಾಗಿಲ ಹತ್ರ ಒಡ್ಡು ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ ಗೋಡೆ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆದ್ವಿ. ಪಕ್ಕದಲ್ಲೇ ಒಂದು ಬಕೆಟ್ ನೀರು, ಅದಕ್ಕೂ ಒಂದು ಗೆರೆ. ಬಕೆಟ್ ಯಾಕೆ ಅಂದ್ರೆ ನೀರು ಆವಿ ಆಗಿ ಇಳಿದ್ರೆ ಎರಡರಲ್ಲೂ ಒಂದೇ ತರ ಇಳಿಯುತ್ತೆ, ನೆಲದ್ದು ಮಾತ್ರ ಜಾಸ್ತಿ ಇಳಿದ್ರೆ ಲೀಕು. 24 ಗಂಟೆ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹೋದ್ರೆ ಬಕೆಟಲ್ಲಿ ಗೆರೆ ಹಾಗೇ ಇದೆ, ನೆಲದಲ್ಲಿ ಕಿರುಬೆರಳ ಉಗುರಿನಷ್ಟು ಕೆಳಗೆ ಇಳಿದಿದೆ. ಮೇಸ್ತ್ರಿ ಸಿಮೆಂಟ್ ನೀರು ಕುಡಿಯುತ್ತೆ ಸಾರ್ ಕಾಮನ್ ಅದು ಅಂದ. ನಾನು ಸುಮ್ಮನೆ ಬಕೆಟ್ ತೋರಿಸಿ, ಕುಡಿಯೋಕೆ ಆಗಬಾರದು ಅಂತಾನೇ ಅಲ್ವಾ ಅದರ ಮೇಲೆ ಬಳಿದಿರೋದು ಅಂದೆ. ನೋಡಿದ್ರೆ ಡ್ರೈನ್ ಬಾಯಿ ಸುತ್ತ ಪದರ ಸರಿಯಾಗಿ ಹಿಡಿದಿರಲಿಲ್ಲ. ಕೆರೆದು ಮತ್ತೆ ಎರಡು ಕೋಟ್, ಮತ್ತೆ ಒಣಗಿಸಿ ಮತ್ತೆ ನೀರು. ಎರಡನೇ ಸಲ ಗೆರೆ ಅಲ್ಲಾಡಲಿಲ್ಲ. ಆ ಒಂದು ಲೈನ್ ಫೈಲಲ್ಲಿ ಇಲ್ಲದಿದ್ರೆ ಹೊಸ ಟೈಲ್ ಹಾಕಿ, ಬೆಡ್‌ರೂಮ್ ಗೋಡೆಗೆ ನಾಲ್ಕನೇ ಸಲ ಪೇಂಟ್ ಹೊಡೆಸಿ, ಮತ್ತೆ ಪೇಂಟ್ ಕಂಪನಿನ ಬೈಯ್ತಿದ್ವಿ.

ಅಡುಗೆಮನೆ ವಿಷಯದಲ್ಲಿ ಕಡಿತ ಜಾಸ್ತಿ ಆಗಿದ್ದು, ಆದ್ರೆ ನೋವು ಕಮ್ಮಿ. ಸಿಂಕ್ ಜಾಗ ಬದಲಾಯಿಸಬೇಡಿ ಅನ್ನೋದು ಅವರ ಮೊದಲ ಮಾತು. ಸಿಂಕ್ ನಾಲ್ಕಡಿ ಆಚೆ ಹೋಗುತ್ತೆ ಅಂದ್ರೆ ನೀರಿನ ಪೈಪು, ಹೊರಗೆ ಹೋಗೋ ಪೈಪು, ಅದಕ್ಕೆ ಇಳಿಜಾರು, ನೆಲ ಅಗೆಯೋದು ಎಲ್ಲಾ ಹಿಂದೆನೇ ಬರುತ್ತೆ. ಸಿಂಕು, ಸ್ಟವ್ವು, ಫ್ರಿಜ್ಜು ಮೂರರ ಮಧ್ಯೆ ಟೇಪ್ ಹಿಡಿದು ಅಳೆದ್ರು, ಒಂದೊಂದರ ನಡುವೆ 4 ಅಡಿಯಿಂದ 9 ಅಡಿ ಒಳಗೆ ಇದ್ರೆ ಓಡಾಟ ಸಲೀಸು, ನಿಮ್ಮದು ಸರಿಯಾಗೇ ಇದೆ, ಫ್ರಿಜ್ ಒಂದು ಈ ಕಡೆಗೆ ಎಳ್ಕೊಳ್ಳಿ ಸಾಕು ಅಂದ್ರು. ಕ್ಯಾಬಿನೆಟ್ ಬಾಕ್ಸ್‌ಗಳು ಗಟ್ಟಿ ಇದ್ವು, ಬರೀ ಬಾಗಿಲು ಮತ್ತೆ ಹಿಂಜ್ ಹೊಸದು. ಸಿಂಕ್ ಕೆಳಗಿನ ಒಂದು ಬಾಕ್ಸ್ ಮಾತ್ರ ಊದಿಕೊಂಡು ಬ್ರೆಡ್ ತರ ಆಗಿತ್ತು, ಅದು ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅದನ್ನ ತೆಗೆದು ನೀರು ತಡೆಯೋ ಪ್ಲೈವುಡ್ ಹಾಕಿಸಿ ಅಂತ ಬರೆದಿದ್ರು. ಕಟ್ಟೆ ಎತ್ತರಕ್ಕೆ ನಮ್ಮ ಹೆಂಡ್ತಿನ ನಿಲ್ಲಿಸಿ ಮೊಣಕೈ ಮಡಚೋಕೆ ಹೇಳಿ ನೆಲದಿಂದ ಮೊಣಕೈಗೆ ಅಳೆದು, ಅದಕ್ಕಿಂತ 4ರಿಂದ 6 ಇಂಚು ಕೆಳಗೆ ಅಂತ ಗುರುತು ಹಾಕಿದ್ರು. ಹಳೇ ಕಟ್ಟೆ 3 ಇಂಚು ತಗ್ಗು ಇತ್ತಂತೆ. ಇಷ್ಟು ವರ್ಷ ಸೊಂಟ ನೋವು ಸೊಂಟ ನೋವು ಅಂತಿದ್ದಳು, ನಾನು ಚೇರ್ ಚೇಂಜ್ ಮಾಡು ಅಂತಿದ್ದೆ. ಅಡುಗೆ ಮಾಡೋ ಸರದಿ ನನ್ನದೂ ಇದೆ ವಾರಕ್ಕೆ ಮೂರು ದಿನ, ನನ್ನ ಮೊಣಕೈ ಯಾಕೆ ಅಳೀಲಿಲ್ಲ ಅಂತ ಕೇಳಿದ್ದಕ್ಕೆ ಮೇಡಂ ನಕ್ಕು ನನ್ನದೂ ಅಳೆದು ಮಧ್ಯದ ಅಳತೆ ಹಾಕಿದ್ರು. ಇದು ಸಣ್ಣದು, ಆದ್ರೂ ಹೇಳಬೇಕು ಅನ್ನಿಸ್ತು.

ಕರೆಂಟ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಹುಡುಗ ಒಂದು ಲೈಟ್ ಇರೋ ಪ್ಲಗ್ ತರದ ಟೆಸ್ಟರ್ ಎಲ್ಲಾ ಸಾಕೆಟ್ಟಿಗೂ ಚುಚ್ಚಿ ನೋಡ್ದ, 3 ಕಡೆ ಅರ್ತಿಂಗೇ ಇರಲಿಲ್ಲ, ಅದರಲ್ಲಿ ಒಂದು ವಾಷಿಂಗ್ ಮಷಿನ್‌ದು. ಬೋರ್ಡಲ್ಲಿ 30 ಮಿಲಿಆಂಪ್ ಲೀಕೇಜ್ ಬ್ರೇಕರ್ (ಕರೆಂಟ್ ಲೀಕ್ ಆದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು) ಹಾಕಿಸೋದು ಕಡ್ಡಾಯ ಅಂತ ಮೊದಲ ಗುಂಪಲ್ಲಿ ಬರೆದಿದ್ರು, ಬಜೆಟ್ ಎಷ್ಟೇ ಟೈಟ್ ಆದ್ರೂ ಇದನ್ನ ಕತ್ತರಿಸಬೇಡಿ ಅಂತ. ಹೊಸ ಪಾಯಿಂಟ್ ಎಲ್ಲೆಲ್ಲಿ ಬೇಕು ಅನ್ನೋದಕ್ಕೆ ಗೋಡೆ ಮೇಲೆ ಮಾಸ್ಕಿಂಗ್ ಟೇಪ್ ತುಂಡು ಅಂಟಿಸ್ಕೊಂಡು ನಾಲ್ಕು ದಿನ ಬದುಕಿ ನೋಡಿ ಅಂದ್ರು. ನಾವು ಮೊದಲು 19 ಅಂಟಿಸಿದ್ವಿ. ನಾಲ್ಕು ದಿನದಲ್ಲಿ 11ಕ್ಕೆ ಬಂತು, ಅದರಲ್ಲಿ 4 ಜಾಗನೇ ಬದಲಾಯ್ತು. ಗೋಡೆ ಮುಚ್ಚೋ ಮೊದಲು ಪೈಪು ವೈರು ಎಲ್ಲದಕ್ಕೂ ಟೇಪ್ ಹಿಡಿದು ಅಳತೆ ಕಾಣೋ ಹಾಗೆ ಫೋಟೋ ತೆಗೆದಿಡಿ ಅನ್ನೋದೂ ಅವರೇ ಹೇಳಿದ್ದು. ಹೋದ ತಿಂಗಳು ಕನ್ನಡಿ ಹಾಕೋಕೆ ಡ್ರಿಲ್ ಮಾಡೋವಾಗ ಆ ಫೋಟೋ ನೋಡ್ದೆ, ಇನ್ನೊಂದು ಇಂಚು ಎಡಕ್ಕೆ ಹೋಗಿದ್ರೆ ಪೈಪು.

ಆ 15 ಎತ್ತಿಟ್ಟಿದ್ದು ಏನಾಯ್ತು ಅಂತ ಕೇಳ್ತೀರ. ಬಾತ್‌ರೂಮ್ ಗೋಡೆ ಒಡೆದಾಗ ಹಳೇ ಕಬ್ಬಿಣದ ಪೈಪ್ ಸಿಕ್ತು, ತುಂಡು ಮಾಡಿ ನೋಡಿದ್ರೆ ಒಳಗೆಲ್ಲಾ ತುಕ್ಕು ಕಟ್ಟಿ ಮಧ್ಯೆ ಪೆನ್ಸಿಲ್ ಹೋಗೋಷ್ಟು ತೂತು. ಮೇಲಿನ ಟ್ಯಾಂಕಿಂದ ಬರೋ ಲೈನ್ ಪೂರ್ತಿ ಬದಲಾಯಿಸಬೇಕಾಯ್ತು, ಹೊಸ ಲೈನ್‌ಗೆ ಪ್ರೆಷರ್ ಟೆಸ್ಟ್ ಮಾಡಿಸಿನೇ ಗೋಡೆ ಮುಚ್ಚಿದ್ವಿ. ಅದಕ್ಕೆ 7 ಹೋಯ್ತು. ಬಾಗಿಲ ಚೌಕಟ್ಟಿನ ಕೆಳಗೆ ಗೆದ್ದಲು, ಅದಕ್ಕೆ 2. ಇನ್ನೊಂದು 2 ಹಾಗೇ ಚಿಲ್ಲರೆ ಚಿಲ್ಲರೆಯಾಗಿ ಹೋಯ್ತು, ಯಾವುದಕ್ಕೆ ಅಂತ ನನಗೂ ಸರಿಯಾಗಿ ಲೆಕ್ಕ ಇಲ್ಲ. ಒಟ್ಟು 11. ಕೆಲಸಕ್ಕೆ 81, ಫೀಸ್ 3, ಇದು 11, ಸೇರಿ 95. ನಮ್ಮಂಥೋರು ಬಜೆಟ್ ಒಳಗೆ ಮುಗಿಸಿದ್ವಿ ಅಂದ್ರೆ ನೆಂಟರು ಯಾರೂ ನಂಬಲ್ಲ, ಬಿಲ್ ತೋರಿಸ್ಲಾ ಅಂತ ಕೇಳ್ತೀನಿ.

ದುಡ್ಡು ಕೊಡೋ ರೀತಿನೂ ಫೈಲಲ್ಲೇ ಇತ್ತು. ಅಡ್ವಾನ್ಸ್ ಸ್ವಲ್ಪವೇ, ಆಮೇಲೆ ಒಡೆದು ಪೈಪ್ ವೈರ್ ಮುಗಿದಾಗ ಒಂದು ಕಂತು, ನೀರಿನ ಟೆಸ್ಟ್ ಪಾಸಾದಾಗ ಒಂದು, ಟೈಲ್ ಮುಗಿದಾಗ ಒಂದು, ಕೊನೇ 10 ಪರ್ಸೆಂಟ್ ಚಿಕ್ಕಪುಟ್ಟ ಕೆಲಸದ ಪಟ್ಟಿ ಎಲ್ಲಾ ಟಿಕ್ ಆದ್ಮೇಲೆ. ತಾರೀಕಿಗೆ ದುಡ್ಡು ಕೊಡಬೇಡಿ, ಮುಗಿದ ಕೆಲಸಕ್ಕೆ ಕೊಡಿ ಅಂತ. ಆ 10 ಪರ್ಸೆಂಟ್ ಕೈಯಲ್ಲಿ ಇದ್ದಿದ್ದಕ್ಕೇ ಕೊನೇಲಿ ಗ್ರೌಟ್ ಬಿಟ್ಟು ಹೋಗಿದ್ದ ಎರಡು ಸಂದಿ, ಪೂರ್ತಿ ಮುಚ್ಚದ ಕಿಟಕಿ, ಪೇಂಟ್ ಚೆಲ್ಲಿದ್ದ ಸ್ವಿಚ್ ಬೋರ್ಡು ಎಲ್ಲಾ ಸರಿ ಮಾಡಿಕೊಟ್ರು. ಇಲ್ಲಾಂದ್ರೆ ಫೋನ್ ಎತ್ತುತಿದ್ರಾ?

ಇಷ್ಟೆಲ್ಲಾ ಹೊಗಳಿ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದ್ರೆ, ಕಾರಣ ಇದೆ.

ಒಂದು, ಲೇಟು. ವಾರದಲ್ಲಿ ಕೊಡ್ತೀವಿ ಅಂದ ಫೈಲ್ 16 ದಿನಕ್ಕೆ ಬಂತು. ನಡುವೆ ಎರಡು ಸಲ ಮೆಸೇಜ್ ಹಾಕಿದ್ರೆ ನೀಲಿ ಟಿಕ್ ಬಿದ್ದು ಉತ್ತರ ಇಲ್ಲ. ಕೆಲಸದವರನ್ನ ಹಿಡಿದಿಟ್ಕೊಂಡು ಕೂತೋರಿಗೆ ಇದು ಸಣ್ಣ ವಿಷಯ ಅಲ್ಲ.

ಆಮೇಲೆ ಲೈಟಿಂಗ್ ಮತ್ತೆ ಕಲರ್ ಭಾಗ. ಉಳಿದದ್ದೆಲ್ಲಾ ನಮ್ಮನೆ ನೋಡಿ ಬರೆದಿದ್ದು ಅಂತ ಗೊತ್ತಾಗುತ್ತೆ, ಈ ನಾಲ್ಕು ಪುಟ ಮಾತ್ರ ಯಾರದೋ ಮನೆಯಿಂದ ಎತ್ತಿ ಅಂಟಿಸಿದ ಹಾಗಿತ್ತು. ನಮ್ಮನೇಲಿ ಇಲ್ಲದೇ ಇರೋ ಬಾಲ್ಕನಿಗೆ ಲೈಟ್ ಹೇಳಿದ್ರು ಅಂದ್ರೆ ನೀವೇ ಯೋಚ್ನೆ ಮಾಡಿ. ಕೇಳಿದಾಗ ಸಾರಿ ಅಂದು ತಿದ್ದಿ ಕಳಿಸಿದ್ರು, ಆದ್ರೆ ಅದು ಅವರು ಕೊಡೋ ಎರಡು ತಿದ್ದುಪಡೀಲಿ ಒಂದು ಅಂತ ಲೆಕ್ಕಕ್ಕೆ ಹಿಡಿದ್ರು. ತಪ್ಪು ಅವರದ್ದು, ಚಾನ್ಸ್ ಹೋಗಿದ್ದು ನಮ್ಮದು. ಇದು ನನಗೆ ಇವತ್ತಿಗೂ ಸರಿ ಅನ್ಸಿಲ್ಲ.

ಅದಕ್ಕಿಂತ ದೊಡ್ಡದು, ನೀವು ಕೆಲಸ ನಡೆಯೋವಾಗ ಎಲ್ಲಿರ್ತೀರ ಅಂತ ಕೇಳಲೇ ಇಲ್ಲ. ನಾವೂ ಹೇಳಲಿಲ್ಲ ಬಿಡಿ. ಇರೋದು ಒಂದೇ ಬಾತ್‌ರೂಮು, ಅದನ್ನೇ ಒಡೀತಾರೆ ಅಂದ್ಮೇಲೆ ನಾವು ಏನು ಮಾಡ್ಬೇಕು? ವಾಟರ್‌ಪ್ರೂಫಿಂಗ್ ಒಣಗಬೇಕು, ಟೆಸ್ಟು ಎರಡು ಸಲ, ಟೈಲ್ ಅಂಟು ಹಿಡೀಬೇಕು, ಹೊಸ ಪ್ಲಾಸ್ಟರ್ ಅಂತೂ ಪೇಂಟ್ ಹೊಡೆಯೋಕೆ ಮುಂಚೆ ಹತ್ರ ಹತ್ರ 4 ವಾರ ಒಣಗಬೇಕು. ಈ ದಿನಗಳೆಲ್ಲಾ ಅವರ ಚಾರ್ಟಲ್ಲಿ ಸರಿಯಾಗೇ ಇತ್ತು, ಆದ್ರೆ ಆ ದಿನಗಳಲ್ಲಿ ಮನುಷ್ಯರು ಸ್ನಾನ ಮಾಡ್ತಾರೆ ಅನ್ನೋದು ಇರಲಿಲ್ಲ. ನಾವು ಮೂರು ವಾರ ಅಕ್ಕನ ಮನೇಲಿ ಇದ್ವಿ, ಅದಕ್ಕೆ ಬಾಡಿಗೆ ಕೊಡಲಿಲ್ಲ ನಿಜ, ಆದ್ರೆ ಅಕ್ಕ ಇಲ್ಲದೋರು ಏನು ಮಾಡ್ತಾರೆ? ಆ ಖರ್ಚು ಬಜೆಟಲ್ಲಿ ಒಂದು ಲೈನ್ ಆಗಿ ಇರಲೇಬೇಕಿತ್ತು. ಸಾಮಾನು ಎಲ್ಲಿ ಇಡೋದು ಅನ್ನೋದೂ ಅಷ್ಟೇ, ಬೆಡ್‌ರೂಮಲ್ಲಿ ತುಂಬಿ ಪ್ಲಾಸ್ಟಿಕ್ ಹೊದಿಸಿದ್ವಿ, ಆದ್ರೂ ಟೈಲ್ ಕಟ್ ಮಾಡಿದ ಧೂಳು ಪುಸ್ತಕದ ಮಧ್ಯೆ ಇವತ್ತಿಗೂ ಸಿಗುತ್ತೆ.

ಹಾಗಿದ್ರೆ ಯಾರಿಗೆ ಇದು ಬೇಕು? ಬರೀ ಪೇಂಟ್ ಹೊಡೆಸೋರಿಗೆ ಬೇಡ. ಒಂದು ಲೀಟರ್ ಪೇಂಟು ಒಂದು ಕೋಟ್‌ಗೆ ಸುಮಾರು 10ರಿಂದ 12 ಚದರ ಮೀಟರ್ ಬರುತ್ತೆ, ಗೋಡೆ ಅಳೆದು ಎರಡು ಕೋಟ್‌ಗೆ ನೀವೇ ಲೆಕ್ಕ ಹಾಕ್ಕೊಳ್ಳಿ, ಅದಕ್ಕೆ ಯಾರಿಗೂ ಫೀಸ್ ಕೊಡಬೇಡಿ. ದುಡ್ಡಿಗೆ ತೊಂದರೆ ಇಲ್ಲ, ಕೀ ಕೊಟ್ಟು ಹೋಗ್ತೀನಿ ಮನೆ ರೆಡಿ ಆಗಿರ್ಬೇಕು ಅನ್ನೋರಿಗೂ ಬೇಡ, ಯಾಕಂದ್ರೆ ಈ ಫೈಲ್ ಹಿಡ್ಕೊಂಡು ದಿನಾ ಸೈಟಲ್ಲಿ ನಿಲ್ಲೋರು ನೀವೇ ಆಗಿರ್ತೀರ, ನಾನು ಬೆಳಗ್ಗೆ ಆಫೀಸಿಗೆ ಹೋಗೋ ಮುಂಚೆ ಒಂದು ಗಂಟೆ ಸಂಜೆ ಒಂದು ಗಂಟೆ ನಿಂತಿದೀನಿ. ಹಳೇ ಮನೆ, ಕಟ್ಟುನಿಟ್ಟಿನ ದುಡ್ಡು, ನೀರು ಅಥವಾ ಕರೆಂಟಿನ ತೊಂದರೆ, ಕೈಯಲ್ಲಿ ತಾಳಮೇಳ ಇಲ್ಲದ ಮೂರು ಕೊಟೇಶನ್, ಇಷ್ಟಿದ್ರೆ ಕರೆಸಿ. ಕರೆಸೋವಾಗ ಎರಡು ಮಾತು ಮೊದಲೇ ಬರೆಸ್ಕೊಳ್ಳಿ, ಫೈಲ್ ಯಾವ ದಿನ ಕೊಡ್ತೀರ ಅಂತ, ನಿಮ್ಮ ತಪ್ಪು ತಿದ್ದೋದು ತಿದ್ದುಪಡಿ ಲೆಕ್ಕಕ್ಕೆ ಬರಲ್ಲ ಅಂತ.

ಕೊನೇಗೆ ಬಾಗಿಲ ವಿಷಯ, ಇದನ್ನ ಹೇಳದೇ ಇದ್ರೆ ನಮ್ಮ ಹೆಂಡ್ತಿ ನನ್ನ ಬಿಡಲ್ಲ. ವಾಷಿಂಗ್ ಮಷಿನ್ ಹೊಸ ಜಾಗಕ್ಕೆ ಅಳತೆ ಎಲ್ಲಾ ಹಾಕಿ ಕೊಟ್ರು, ಉದ್ದ ಅಗಲ ಎತ್ತರ, ನೀರಿನ ಪಾಯಿಂಟು, ಡ್ರೈನ್ ಎತ್ತರ, ಒಂದೂ ತಪ್ಪಿಲ್ಲ. ಮಷಿನ್ ಇಟ್ಟ ಮೇಲೆ ನೋಡಿದ್ರೆ ಬಾತ್‌ರೂಮ್ ಬಾಗಿಲು ತೆಗೆದಾಗ ಮಷಿನ್ ಮೂಲೆಗೆ ಢಣ್ ಅಂತ ಹೊಡೆಯುತ್ತೆ. ಡ್ರಾಯಿಂಗಲ್ಲಿ ಬಾಗಿಲು ಯಾವ ಕಡೆಗೆ ತೆಗೆಯುತ್ತೆ ಅಂತ ತೋರಿಸೋ ಆ ಕಾಲು ವೃತ್ತದ ಗೆರೆ ಉಲ್ಟಾ ಹಾಕಿದ್ರು, ನಾವೂ ನೋಡಿ ಸೈನ್ ಮಾಡಿದ್ವಿ. ಫೋನ್ ಮಾಡಿದ್ದಕ್ಕೆ ಹಿಂಜ್ ಆ ಕಡೆಗೆ ಬದಲಾಯಿಸಿಬಿಡಿ ಅಂದ್ರು, ಬಡಗಿ ಚೌಕಟ್ಟು ಕೆತ್ತಬೇಕು ಅಂತಾನೆ, ಬಜೆಟಲ್ಲಿ ಉಳಿದಿದ್ದ 5ಕ್ಕೆ ಅಷ್ಟರಲ್ಲಿ ಹೆಂಡ್ತಿ ಹಾಲ್‌ಗೆ ಫ್ಯಾನ್ ತಂದಾಗಿತ್ತು. ಸದ್ಯಕ್ಕೆ ಮಷಿನ್ ಮೂಲೆಗೆ ಒಂದು ಹಳೇ ಟವೆಲ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೀನಿ.